ಹದಿನೇಳನೆಯ ನಂಬರ್

ಎರಡು ಗಿಡ್ಡ, ಒಂದು ಉದ್ದ… ಅವರ ಸೀಟಿ ಹಾಗೆ ಕೇಳಿಸುತ್ತಿತ್ತು. ಮೊದಲಿನೆರಡು ಗದರಿಸಿದ ಹಾಗೆ, ಮೂರನೆಯದು ದೂರದಲ್ಲಿದ್ದ ಯಾರನ್ನೋ ಕರೆದ ಹಾಗೆ. ಕಳೆದ ವಾರ ಶಿಗ್ಗಾಂವದ ಬಸ್ ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಕಂಡಕ್ಟರ್ ಒಬ್ಬ ಬಸ್ಸಿನ ಹಿಂದೆ ನಿಂತು, ಡ್ರೈವರ್ ರಿವರ್ಸ್ ತೆಗೆದುಕೊಳ್ಳಲೆಂದು, ಅದೇ ಲೆಕ್ಕದಲ್ಲಿ ಸೀಟಿ ಊದಿದ. ನಾನು ಕೈಯಲ್ಲಿದ್ದ ಚೀಲ ಕೆಳಗಿಟ್ಟು ನೆಟ್ಟಗೆ ನಿಂತುಬಿಟ್ಟೆ. ಪಕ್ಕದಲ್ಲಿದ್ದ ಹೆಣ್ಣುಮಗಳು ನನ್ನ ತೋಳು ಹಿಡಿದು, "ಯಾಕ್ರಿ ಅಮ್ಮಾರ, ಚಕ್ಕರ್ ಬಂತೇನ್ರಿ?" ಎಂದಳು. ಏನೂ ಇಲ್ಲವೆಂದೆ. ಎಪ್ಪತ್ತೆಂಟರ ಮುದುಕಿಯೊಬ್ಬಳು ಬಸ್ ಸ್ಟ್ಯಾಂಡಿನಲ್ಲಿ ಅಟೆನ್ಷನ್ ನಿಂತದ್ದಕ್ಕೆ ಕಾರಣ ಹೇಳುತ್ತ ಕುಳಿತರೆ ಅವಳ ಬಸ್ಸೂ ಹೋಗುತ್ತಿತ್ತು, ನನ್ನದೂ ಹೋಗುತ್ತಿತ್ತು.

ನಾನು ಹಾನಗಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಅವರು ಅಲ್ಲಿ ಪೀಟಿ ಮಾಸ್ತರರಾಗಿದ್ದರು. ಹಿರೇಕೆರೂರ ತಾಲೂಕಿನವರು, ಅಬಲೂರಿನ ಹತ್ತಿರದ ಹಳ್ಳಿ, ಒಕ್ಕಲುತನದ ಮನೆ. ಎತ್ತರದ ಆಳು. ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಬೂಟು. ಬೂಟಿಗೆ ಪಾಲಿಶ್ ಇಲ್ಲದ ದಿನ ಬೋರ್ಡಿನ ಸೀಮೆಸುಣ್ಣವನ್ನೇ ಒದ್ದೆ ಮಾಡಿ ತಿಕ್ಕುತ್ತಿದ್ದರು. ಕೊರಳಲ್ಲಿ ಸೀಟಿಯ ದಾರವೂ ಲಿಂಗದ ದಾರವೂ ಒಂದಕ್ಕೊಂದು ಸಿಕ್ಕು ಹಾಕಿಕೊಳ್ಳುತ್ತಿದ್ದವು. ಮೈದಾನದ ನಡುವೆ ನಿಂತು, ತಲೆ ಬಗ್ಗಿಸಿ, ಆ ಸಿಕ್ಕು ಬಿಡಿಸಿಕೊಳ್ಳುವುದು ಅವರ ದಿನನಿತ್ಯದ ಕೆಲಸ.

ನಾನು ಸವಣೂರಿನ ವಕೀಲರ ಮಗಳು. ಅಜ್ಜ ಸಂಸ್ಕೃತ ಪಾಠ ಹೇಳಿದವರು. ಅಪ್ಪ ಯಾರ ಮಾತೂ ಕೇಳದೆ ನನ್ನನ್ನು ಹುಬ್ಬಳ್ಳಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬಿಟ್ಟು ಬಂದರು. ಅಲ್ಲಿ ಕಲಿತ ಇಂಗ್ಲಿಷ್ ಹಾನಗಲ್ಲಿನಲ್ಲಿ ನನಗೆ ಒಂದು ನಮೂನಿ ಯೂನಿಫಾರ್ಮ್ ಆಗಿತ್ತು. ಉಳಿದ ಶಿಕ್ಷಕಿಯರನ್ನು ಹುಡುಗಿಯರು ಅಕ್ಕೋರು ಎನ್ನುತ್ತಿದ್ದರು, ನನ್ನನ್ನು ಮಾತ್ರ ಮಿಸ್ ಎನ್ನಬೇಕಿತ್ತು. ಪೀಟಿ ಮಾಸ್ತರರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರಿಗೆ ನಾನು ಮೊದಲ ದಿನದಿಂದ ಕಡೆಯ ದಿನದವರೆಗೆ ಬಾಯಾರು, ಹಳೆಯ ಕಾಲದ ಶಿಕ್ಷಕಿಯರನ್ನು ಕರೆದ ಹಾಗೆ.

"ಬಾಯಾರ, ನಿಮ್ಮ ಇಂಗ್ಲಿಷ್ ಪ್ರೇಯರ್ ಮುಗಿಯೂದ್ರಾಗ ನನ್ನ ಹುಡುಗ್ಯಾರು ಬಿಸಲಾಗ ಹಪ್ಪಳ ಆಗತಾರ್ರೀ."

"ಡಿಸಿಪ್ಲಿನ್, ಸರ್. ಅದನ್ನ ನೀವು ಕಲಸಬೇಕು."

"ನಾ ಕಲಸತೇನ್ರಿ. ಹಪ್ಪಳಕ್ಕ ಏನ ಕಲಸಲಿ?"

ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಿದ್ದರು. ನಾನು ನಗದ ಹಾಗೆ ಕಾಪಿ ತಿದ್ದುತ್ತಿದ್ದೆ.

ಅವರದೊಂದು ಪದ್ಧತಿ ಇತ್ತು. ಹುಡುಗಿಯರನ್ನು ಎಲ್ಲಿಗೆ ಕರೆದೊಯ್ದರೂ ಹೆಸರು ಕೂಗುತ್ತಿರಲಿಲ್ಲ. ಪ್ರತಿಯೊಬ್ಬಳಿಗೂ ಒಂದು ನಂಬರ್. ಸೀಟಿ ಊದಿದ ಕೂಡಲೇ ಒಂದು, ಎರಡು, ಮೂರು ಎಂದು ಸರಣಿಯಾಗಿ ಅವರೇ ಕೂಗಬೇಕು. ಯಾಕೆ ಎಂದು ಒಮ್ಮೆ ಕೇಳಿದ್ದೆ. "ಹೆಸರಿಗೆ ಗೆಳತ್ಯಾರು ಓಗೊಡತಾರ್ರೀ. ನಂಬರ್ ಹಂಗಲ್ಲ. ಒಂದು ಹಲ್ಲ ಬಿದ್ರ ನಾಲಿಗಿಗೆ ತೆರವು ತಾನ ಗೊತ್ತಾಗತೈತಲ್ಲ, ಹಂಗ" ಎಂದಿದ್ದರು.

ಇಪ್ಪತ್ತೈದು ವರ್ಷದ ಮೇಲಾಯಿತು. ಆ ವರ್ಷ ದಸರಾ ರಜೆಯಲ್ಲಿ ಹುಡುಗಿಯರನ್ನು ಘಟ್ಟದ ಮೇಲಿನ ಒಂದು ಸಾಹಸ ಶಿಬಿರಕ್ಕೆ ಕರೆದೊಯ್ಯುವ ಹುಕಿ ಅವರಿಗೆ ಹತ್ತಿತು. ಐದು ದಿನ. ಟೆಂಟಿನಲ್ಲಿ ವಾಸ, ಹಗ್ಗ ಹಿಡಿದು ಬಂಡೆ ಇಳಿಯುವುದು, ಹಗ್ಗದ ಮೇಲೆ ಹಳ್ಳ ದಾಟುವುದು, ಗುಡ್ಡ ಹತ್ತುವುದು. ನಮ್ಮ ಕಡೆ ಹೆಣ್ಣುಮಕ್ಕಳ ಸಾಲಿಗಳಲ್ಲಿ ಟ್ರಿಪ್ ಎಂದರೆ ಅಲ್ಲಿಯವರೆಗೂ ಗುಡಿ ನೋಡಿ, ಡ್ಯಾಮ್ ನೋಡಿ, ಸಂಜೆಗೆ ಮನೆ ಸೇರುವುದು. ಯಾರೂ ಒಪ್ಪಲಿಲ್ಲ. ಆಗ ಮಾಸ್ತರರು ನನ್ನ ಟೇಬಲ್ಲಿನ ಮುಂದೆ ಬಂದು ನಿಂತರು.

"ನೀವು ಬರ್ರಿ ಬಾಯಾರ. ನನ್ನ ಮಾತಿಗೆ ಮಂದಿ ಹಗ್ಗ ಕೊಡತಾರ, ಹುಡುಗ್ಯಾರನ್ನ ಕೊಡಂಗಿಲ್ಲ."

ನಾನು ಒಪ್ಪಿದೆ. ಮಿಸ್ ಹೋಗುತ್ತಾರೆ ಎಂದ ಕೂಡಲೇ ಇಪ್ಪತ್ನಾಲ್ಕು ಮನೆಗಳಿಂದ ಸಹಿ ಬಂತು. ಆ ಇಪ್ಪತ್ನಾಲ್ಕು ಹುಡುಗಿಯರನ್ನು ತಂದೆ ತಾಯಿ ಕಳಿಸಿದ್ದು ನನ್ನನ್ನು ನೋಡಿ. ಇದನ್ನು ಇಲ್ಲೇ ಬರೆದಿಡುತ್ತೇನೆ.

ಮೊದಲ ಮೂರು ದಿನ ಎಷ್ಟು ಚೆನ್ನಾಗಿದ್ದವೆಂದರೆ… ಈಗ ಅವನ್ನು ನೆನೆಸಿಕೊಳ್ಳಲು ಸಂಕಟವಾಗುತ್ತದೆ. ಮಳೆ ನಿಂತು ಸ್ವಲ್ಪವೇ ದಿನವಾಗಿತ್ತು, ಹುಲ್ಲಿನಲ್ಲೆಲ್ಲ ಜಿಗಣಿ. ಚೂಡಿದಾರದ ಓಢಣಿಯನ್ನು ಸೊಂಟಕ್ಕೆ ಬಿಗಿದುಕೊಂಡು, ಕಾಲಿಗೆ ಉಪ್ಪು ತಿಕ್ಕಿಕೊಂಡು, ಹುಡುಗಿಯರು ಕಪಿಗಳ ಹಾಗೆ ಹಗ್ಗಕ್ಕೆ ಜೋತುಬೀಳುತ್ತಿದ್ದರು. ಒಬ್ಬಳು ಬಂಡೆಯ ಅರ್ಧಕ್ಕೆ ಇಳಿದು, ಮೇಲಕ್ಕೂ ಬಾರದೆ ಕೆಳಕ್ಕೂ ಹೋಗದೆ, ಅವ್ವಾ ಅವ್ವಾ ಎಂದು ಅಳತೊಡಗಿದಳು. ಮಾಸ್ತರರು ಕೆಳಗೆ ನಿಂತು ಕೂಗಿದರು: "ಅವ್ವ ಹಾನಗಲ್ಲದಾಗ ಅದಾಳ ಬೇ! ಕರದ್ರ ಬರಾಕ ಬಸ್ ಸೈತ ಇಲ್ಲ. ಕಾಲು ಕಲ್ಲಿಗೆ ಹಚ್ಚು, ಕಲ್ಲು ಇಲ್ಲೇ ಐತಿ!" ಅವಳು ಅಳುತ್ತಲೇ ನಕ್ಕಳು, ನಗುತ್ತಲೇ ಇಳಿದಳು.

ಎಲ್ಲರಿಗಿಂತ ಮುಂದೆ ಇರುತ್ತಿದ್ದವಳು ಹದಿನೇಳನೆಯ ನಂಬರಿನ ಹುಡುಗಿ. ಒಂಬತ್ತನೆಯ ಇಯತ್ತೆ, ಕಡ್ಡಿಯಂಥ ಮೈ, ಎರಡು ಜಡೆ. ನಮ್ಮವರ ಪೈಕಿಯೇ, ಪೂಜೆ ಪಾಠದ ಮನೆ. ಮನೆಯಲ್ಲಿ ಮಡಿ ಮೈಲಿಗೆ ಭಾಳ. ಹಗ್ಗ ಕಟ್ಟುವುದರೊಳಗೆ "ನಾ ಫಸ್ಟ್ ಸರ್, ನಾ ಫಸ್ಟ್" ಎಂದು ಕುಣಿಯುತ್ತಿದ್ದಳು. "ನಿನಗ ಹಗ್ಗನ ಬ್ಯಾಡವಾ, ಒಗದ್ರ ನೀ ಗಾಳಿಪಟ" ಎಂದು ಮಾಸ್ತರರು ಅವಳನ್ನು ಕಾಡುತ್ತಿದ್ದರು.

ನಾಲ್ಕನೆಯ ದಿನ ಮುಂಜಾನೆ ಗುಡ್ಡ ಹತ್ತುವುದಿತ್ತು. ತುದಿಯಲ್ಲಿ ಒಂದು ಸಣ್ಣ ದೇವಿಗುಡಿ. ಶಿಬಿರದ ಗೈಡ್ ಮುಂದೆ, ಮಾಸ್ತರರು ನಡುವೆ, ನಾನು ಎಲ್ಲರ ಹಿಂದೆ. ಕಡೆಯ ಏರು ಇನ್ನೊಂದು ಅರ್ಧ ತಾಸಿನ ದಾರಿ ಇದೆ ಎನ್ನುವಾಗ ಹದಿನೇಳನೆಯ ನಂಬರ್ ಸಾಲಿನಿಂದ ಹಿಂದೆ ಬಿದ್ದು ನನ್ನ ಹತ್ತಿರ ಬಂದಳು. ಮುಖ ಸಣ್ಣದಾಗಿತ್ತು.

"ಮಿಸ್… ನಾ ಹೊರಗಾಗೇನ್ರಿ."

ತಿಂಗಳ ಮುಟ್ಟನ್ನು ನಮ್ಮ ಮನೆಗಳಲ್ಲಿ ಹಾಗೇ ಹೇಳುವುದು. ಸವಣೂರಿನ ನಮ್ಮ ಮನೆಯಲ್ಲಿ ಮೂರು ದಿನ ಹಿತ್ತಲ ಕಡೆಯ ಖೋಲಿಯಲ್ಲಿ ಕೂಡುತ್ತಿದ್ದೆ. ತಾಟು ಬೇರೆ, ಚಾಪೆ ಬೇರೆ. ಕಾನ್ವೆಂಟಿನಲ್ಲಿ ಕೂಡುವುದಿರಲಿಲ್ಲ, ಆದರೆ ಬಾಯಿ ಬಿಡುವ ಹಾಗೂ ಇರಲಿಲ್ಲ. "ಐ ಆಮ್ ಅನ್‌ವೆಲ್, ಸಿಸ್ಟರ್" ಎಂದು ನೆಲ ನೋಡುತ್ತ ಹೇಳಬೇಕಿತ್ತು. ನನ್ನ ಅಜ್ಜಿಗೂ ನಮ್ಮ ಮದರ್ ಸುಪೀರಿಯರ್‌ಗೂ ಈ ಲೋಕದಲ್ಲಿ ಬೇರಾವುದರಲ್ಲೂ ಒಮ್ಮತವಿರಲಿಲ್ಲ. ಇದೊಂದನ್ನು ಗಂಡಸರ ಕಿವಿಗೆ ಬೀಳಿಸಬಾರದು ಎಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ನನ್ನ ಚೀಲದಲ್ಲಿದ್ದುದನ್ನು ಅವಳಿಗೆ ಕೊಟ್ಟೆ, ಗಿಡಗಳ ಮರೆಯಲ್ಲಿ ಕಾದೆ. ಅವಳು ಬಂದು, "ನಾ ಮ್ಯಾಲೆ ಬಂದು ದೂರ ನಿಂದರ್ತೇನ್ರಿ ಮಿಸ್. ಗುಡಿಯೊಳಗ ಬರಂಗಿಲ್ಲ" ಎಂದಳು. ಪಾಪ, ತುದಿ ಮುಟ್ಟುವ ಆಸೆ ಅವಳಿಗೆ. ನಾನು ಬೇಡವೆಂದೆ. ತುದಿ ಸಣ್ಣದು, ಗುಡಿಯ ಸುತ್ತ ಸರಿದು ನಿಲ್ಲಲು ಜಾಗವಿರುವುದಿಲ್ಲ ಎಂದು ಗೈಡ್ ಹೇಳಿದ್ದ. ಮೇಲೆ ಯಾಕೆ ದೂರ ನಿಂತಿದ್ದಾಳೆ ಎಂದು ಅವನು ಕೇಳಿದರೆ? ಮಾಸ್ತರರು ಕೇಳಿದರೆ? ನಾನು ಇದನ್ನೆಲ್ಲ ನಂಬುತ್ತಿದ್ದೆನೋ ಇಲ್ಲವೋ, ಇಂದಿಗೂ ಹೇಳಲಾರೆ. ನಂಬಿಕೆಗೆ ಮೊದಲೇ ಬಾಯಿಂದ ಮಾತು ಹೊರಟಿತ್ತು. ದಾರಿಯ ಬದಿಯಲ್ಲಿ ಒಂದು ಚಪ್ಪಟೆ ಕಲ್ಲಿತ್ತು. ಅದನ್ನು ತೋರಿಸಿ, ಇಲ್ಲೇ ಕೂತಿರು, ತಾಸು ಹೊತ್ತಿನಲ್ಲಿ ಇದೇ ದಾರಿಯಿಂದ ಇಳಿದು ಬರುತ್ತೇವೆ ಎಂದೆ.

"ಒಬ್ಬಾಕಿನ ಏನ್ರಿ ಮಿಸ್?"

"ಬಿ ಎ ಬ್ರೇವ್ ಗರ್ಲ್" ಎಂದೆ.

ಮೇಲೆ ತಲುಪಿದ ಕೂಡಲೇ ಸೀಟಿ ಆಯಿತು. ಹದಿನಾಲ್ಕು, ಹದಿನೈದು, ಹದಿನಾರು… ಆಮೇಲೆ ಏನೂ ಇಲ್ಲ. ಗಾಳಿ ಮಾತ್ರ. ಮಾಸ್ತರರ ತಲೆ ಥಟ್ಟನೆ ತಿರುಗಿತು. "ಹದಿನೇಳು?"

ಹುಡುಗಿಯರು ನನ್ನನ್ನು ನೋಡಿದರು. ಗೈಡ್ ನೋಡಿದ. ನಾನು ಹೇಳಿದೆ: "ಆಕಿ ಕ್ಯಾಂಪಿನ್ಯಾಗ ಉಳದಾಳ್ರಿ ಸರ್. ತಲೀಶೂಲಿ ಅಂತ ನಾನ ನಿಲ್ಲಿಸಿ ಬಂದೀನಿ."

"ಮುಂಜಾನೆ ಕೆಳಗ ನಂಬರ್ ಹೇಳಿದ್ದಳಲ್ರಿ?"

"ಹೇಳಿದ ಮ್ಯಾಲೆ ವಾಪಸ್ ಕಳಿಸಿದೆ."

ದಾರಿಯುದ್ದಕ್ಕೂ ಅವಳೊಡನೆ ಹತ್ತಿದ ಹುಡುಗಿಯರಲ್ಲಿ ಒಬ್ಬಳಿಗೂ ಮಿಸ್ ಮಾತಿಗೆ ಎದುರಾಡುವ ಧೈರ್ಯವಿರಲಿಲ್ಲ. ಮಾಸ್ತರರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ, "ಬಾಯಾರು ಹೇಳಿದ ಮ್ಯಾಲೆ ಮುಗೀತು" ಎಂದು ಹದಿನೆಂಟಕ್ಕೆ ಕೈ ಮಾಡಿದರು. ತಮ್ಮ ಹಾಜರಿ ಚೋಪಡಿ ತೆಗೆದು ಇಪ್ಪತ್ಮೂರು ಎಂದು ಬರೆದು, ಕೆಳಗೆ ಸಹಿ ಹಾಕಿದರು.

ಬುತ್ತಿ ಬಿಚ್ಚುವುದರೊಳಗೆ ಮಂಜು ಬಂತು. ಕೆಳಗಿನ ಕಣಿವೆಯಿಂದ ಹಾಲು ಉಕ್ಕಿದ ಹಾಗೆ ಏರಿ ಬಂದು, ಹತ್ತು ಮಾರಿನಾಚೆಯ ಗುಡಿ ಕಾಣದಾಯಿತು. ಹಿಂದೆಯೇ ಸಣ್ಣ ಮಳೆ. ಹತ್ತಿ ಬಂದ ದಾರಿಯ ಬಂಡೆ ಜಾರುತ್ತದೆ, ಇನ್ನೊಂದು ಕಡೆಯಿಂದ ಇಳಿಸುತ್ತೇನೆ ಎಂದ ಗೈಡ್. ಬಂದ ದಾರಿಯಿಂದಲೇ ಹೋಗೋಣವೆಂದು ಎರಡು ಸಲ ಹೇಳಿದೆ. "ಹುಡುಗ್ಯಾರ ಕಾಲು ಮುರಕೊಂಡ್ರ ನಾವು ಏನ್ ಹೇಳೂಣ್ರಿ ಬಾಯಾರ?" ಎಂದರು ಮಾಸ್ತರರು. ಎರಡೂ ದಾರಿ ಕೆಳಗೆ ಕೂಡುತ್ತವೆಯೇ ಎಂದು ಗೈಡ್‌ಗೆ ಕೇಳಿದೆ. ಕೂಡುತ್ತವೆ ಎಂದ. ಆ ಒಂದು ಮಾತು ಹಿಡಿದುಕೊಂಡು ಇಳಿದೆ. ಕಲ್ಲಿನ ಹತ್ತಿರವೇ ಕೂಡುತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಇಳಿದೆ. ಆ ಹೊತ್ತಿಗೆ ಸತ್ಯ ಹೇಳಬಹುದಿತ್ತು. ಆದರೆ ಈಗ ಮುಟ್ಟಿನ ಮಾತಿನ ಜೊತೆಗೆ ನಾನು ಹೇಳಿದ ಸುಳ್ಳನ್ನೂ ಹೇಳಬೇಕಿತ್ತಲ್ಲ…

ದಾರಿಗಳು ಕೂಡಿದ್ದು ತೀರ ಕೆಳಗೆ, ಹಳ್ಳದ ದಂಡೆಯಲ್ಲಿ. ಚಪ್ಪಟೆ ಕಲ್ಲು ಎಲ್ಲೋ ಮೇಲೆ, ಮಂಜಿನೊಳಗೆ ಉಳಿದಿತ್ತು. ಆಗ ಹೇಳಿದೆ. ಹುಡುಗಿಯರಿಂದ ದೂರ ಕರೆದು, ಮಾಸ್ತರರಿಗೆ ಮಾತ್ರ. "ಆಕಿ ಕ್ಯಾಂಪಿನ್ಯಾಗಿಲ್ಲ. ಮ್ಯಾಲೆ ಕಲ್ಲಿನ ಮ್ಯಾಲೆ ಕೂಡಿಸೇನಿ." ಯಾಕೆಂದು ಆಗಲೂ ಹೇಳಲಿಲ್ಲ. ಅವರೂ ಕೇಳಲಿಲ್ಲ. "ಒಬ್ಬಾಕಿನ?" ಎಂದರು, ಅಷ್ಟೇ. ಹುಡುಗಿ ಕೇಳಿದ ಮಾತೇ. ಗೈಡ್‌ಗೆ ಹುಡುಗಿಯರನ್ನು ಕ್ಯಾಂಪಿಗೆ ಮುಟ್ಟಿಸಲು ಹೇಳಿ, ಮುಂಜಾನೆ ಹತ್ತಿದ ದಾರಿ ಹಿಡಿದು ಓಡಿದರು.

ಕಲ್ಲಿನ ಮೇಲೆ ಅವಳಿರಲಿಲ್ಲ. ಇದನ್ನೆಲ್ಲ ಆಮೇಲೆ ಹುಡುಗಿಯಿಂದಲೇ ತಿಳಿದೆ. ನಾವು ಇನ್ನೊಂದು ಬದಿಯಿಂದ ಇಳಿಯುವಾಗ ಮಾಸ್ತರರು ದಾರಿಯುದ್ದಕ್ಕೂ ಸೀಟಿ ಊದುತ್ತಿದ್ದರು, ಮಂಜಿನಲ್ಲಿ ಯಾರೂ ತಪ್ಪಬಾರದೆಂದು. ಆ ಸೀಟಿ ಅವಳಿಗೂ ಕೇಳಿಸಿತು. ತನ್ನನ್ನು ಬಿಟ್ಟು ಹೊರಟರು ಎಂದು ತಿಳಿದು, ಸದ್ದು ಬಂದ ದಿಕ್ಕಿಗೆ, ದಾರಿಯಿಲ್ಲದ ಇಳಿಜಾರಿನಲ್ಲಿ ಹೋಗಿ, ಜಾರಿ ಒಂದು ಕೊರಕಲಿಗೆ ಬಿದ್ದಿದ್ದಳು. ಮಾಸ್ತರರು ಸೀಟಿ ಊದುವರು, ನಿಂತು ಕಿವಿಗೊಡುವರು. ಮತ್ತೆ ಊದುವರು. ಕಡೆಗೆ ಎಲ್ಲೋ ಕೆಳಗಿನಿಂದ ಸಣ್ಣ ದನಿ ಬಂತಂತೆ: "ಹದಿನೇಳು…"

ಹೊತ್ತು ಇಳಿಯುವ ಮುಂಚೆ ಅವಳನ್ನು ಬೆನ್ನ ಮೇಲೆ ಹೊತ್ತು ತಂದರು. ಅವಳ ಕಾಲಿನ ಎಲುಬು ಮುರಿದಿತ್ತು. ತಮ್ಮ ಅಂಗಿ ಬಿಚ್ಚಿ ಅವಳ ಸೊಂಟಕ್ಕೆ ಕಟ್ಟಿದ್ದರು. ಬನಿಯನ್ನಿನ ಮೇಲಿದ್ದರು, ಅವರ ಬಿಳಿ ಪ್ಯಾಂಟಿನ ಮೇಲೆ ರಕ್ತದ ಕಲೆ. ಅವರಿಗೆ ಆಗಲೇ ಎಲ್ಲ ತಿಳಿದಿರಬೇಕು. ಹುಡುಗಿಯನ್ನು ನನ್ನ ಮುಂದೆ ಇಳಿಸಿ, "ಬಾಯಾರ, ಮೊದಲ ಬ್ಯಾರೆ ಅರಿವಿ ಹಾಕ್ರಿ. ಆಮ್ಯಾಲ ಜೀಪು" ಎಂದು ಆಚೆ ಹೋಗಿ ನಿಂತರು.

ಹುಡುಗಿ ಉಳಿದಳು, ಕಾಲು ಕೂಡಿತು. ಹಾಳಾದದ್ದು ಮಾಸ್ತರರ ಹೆಸರು.

ಹಾನಗಲ್ಲಿಗೆ ನಾವು ತಲುಪುವ ಮುಂಚೆ ಸುದ್ದಿ ತಲುಪಿತ್ತು. ಗುಡ್ಡದಲ್ಲಿ ಒಬ್ಬ ಹುಡುಗಿ ತಪ್ಪಿಸಿಕೊಂಡಿದ್ದು, ಮಾಸ್ತರ ಒಬ್ಬನೇ ಹೋಗಿದ್ದು, ಬರುವಾಗ ಮೈಮೇಲೆ ಅಂಗಿ ಇರಲಿಲ್ಲವಂತೆ, ಪ್ಯಾಂಟಿಗೆ ರಕ್ತವಂತೆ. ಜೀಪಿನವನು ಯಾರಿಗೋ ಹೇಳಿದ, ಅವರು ಚಹಾದಂಗಡಿಯಲ್ಲಿ ಹೇಳಿದರು. "ಕಾಲು ಮುರದ್ರ ಅಷ್ಟು ರಕ್ತ ಎಲ್ಲಿಂದ ಬಂತಪಾ?" ಎಂದು ಒಬ್ಬ ಕೇಳಿದ್ದನ್ನು ನಾನೇ ನನ್ನ ಕಿವಿಯಾರೆ ಕೇಳಿದೆ, ಸಂತೆಯ ದಿನ, ಬಾಳೆಹಣ್ಣಿನ ಗಾಡಿಯ ಹತ್ತಿರ. ಹಣ್ಣು ತೆಗೆದುಕೊಂಡು ಮನೆಗೆ ಬಂದೆ.

ಹುಡುಗಿಯ ತಾಯಿ ನನ್ನನ್ನು ಅಡುಗೆಮನೆಗೆ ಕರೆದು, "ಮಿಸ್, ಆಕಿ ಹೊರಗಾಗಿದ್ದು ಮಂದಿಗೆ ಗೊತ್ತಾಗೋದು ಬ್ಯಾಡ್ರಿ, ಮುಂದ ವರ ನೋಡೂದದ" ಎಂದು ಕೈ ಹಿಡಿದರು. ಆಗಲಿ ಎಂದೆ. ಕೊಟ್ಟ ಮಾತು ನಡೆಸಿದೆ ಎಂದು ಬಹಳ ವರ್ಷ ನನಗೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಆ ತಾಯಿ ಕೈ ಹಿಡಿಯದಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ.

ಆಡಳಿತ ಮಂಡಳಿಯವರು ನಮ್ಮಿಬ್ಬರನ್ನೂ ಕರೆಸಿದರು. ಉದ್ದ ಟೇಬಲ್ಲು, ಹಸಿರು ಬಟ್ಟೆ, ಸುತ್ತಲೂ ಏಳು ಜನ ಗಂಡಸರು. ಚೇರ್ಮನ್ನರು ಮಾಸ್ತರರ ಚೋಪಡಿ ಮುಂದಿಟ್ಟುಕೊಂಡಿದ್ದರು.

"ಇಪ್ಪತ್ಮೂರು ಅಂತ ಬರದೀರಿ. ಇಪ್ಪತ್ನಾಕನೇದಾಕಿ ಎಲ್ಲಿ ಅದಾಳ ಅಂತ ನೋಡಲಾರದ ಸಹಿ ಹ್ಯಾಂಗ ಹಾಕಿದ್ರಿ ಮಾಸ್ತರ? ಯಾರು ಹೇಳಿದ್ರು ನಿಮಗ?"

ಮಾಸ್ತರರು ನನ್ನ ಕಡೆ ತಿರುಗಿದರು. ಒಂದೇ ಸಲ. ಸಿಟ್ಟಿರಲಿಲ್ಲ. ಅವರು ಹುಡುಗಿಯರ ನಂಬರಿಗೆ ಕಾಯುವಾಗ ಹೇಗೆ ಕಾಯುತ್ತಿದ್ದರೋ ಹಾಗೆ ಕಾದರು. ನಾನು ಹಸಿರು ಬಟ್ಟೆಯ ಅಂಚಿನಲ್ಲಿ ಬಿಚ್ಚಿಕೊಂಡ ಒಂದು ಎಳೆ ನೋಡುತ್ತಿದ್ದೆ.

"ಎಣಿಕಿ ನಂದ್ರಿ. ತಪ್ಪೂ ನಂದ" ಎಂದರು.

ಚೇರ್ಮನ್ನರು ನನ್ನನ್ನು ಕೇಳಿದರು: "ಮಿಸ್, ನಿಮ್ದು ಏನರ ಹೇಳೂದು ಐತೇನ್ರಿ?"

"ಐ ಹ್ಯಾವ್ ನಥಿಂಗ್ ಟು ಆ್ಯಡ್, ಸರ್" ಎಂದೆ.

ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಕನ್ನಡದಲ್ಲಿ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

ಅವರಿಂದ ರಾಜೀನಾಮೆ ಬರೆಸಿಕೊಂಡರು. ಪೊಲೀಸರ ತನಕ ಹೋಗದಿದ್ದುದೇ ಸಂಸ್ಥೆಯ ಉಪಕಾರ ಎನ್ನುವ ಹಾಗೆ ಮಾತಾಡಿದರು. ನಮ್ಮ ಸಾಲಿಯಲ್ಲೇ ಐದನೆಯ ಇಯತ್ತೆಯಲ್ಲಿದ್ದ ಅವರ ಮಗಳ ಹೆಸರನ್ನೂ ಅದೇ ವಾರ ತೆಗೆಸಿದರು. ಗಂಡ, ಹೆಂಡತಿ, ಮಗಳು ಒಂದು ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಹಿರೇಕೆರೂರ ಕಡೆ ಹೋದರು. ನಾನು ಆ ಹೊತ್ತಿಗೆ ಕ್ಲಾಸಿನಲ್ಲಿದ್ದೆ. ಮುಂದೆ ಎಂಟು ವರ್ಷ ಅದೇ ಸಾಲಿಯಲ್ಲಿದ್ದೆ. ರಿಟೈರ್ ಆದ ದಿನ ನನಗೆ ಶಾಲು ಹೊದಿಸಿ, ಶಿಸ್ತಿನ ಮೂರ್ತಿ ಎಂದು ಭಾಷಣ ಮಾಡಿದರು.

ಈಗ ನಾನು ಶಿಗ್ಗಾಂವದಲ್ಲಿ ತಮ್ಮನ ಮಗನ ಮನೆಯಲ್ಲಿದ್ದೇನೆ. ಎರಡು ವರ್ಷದ ಹಿಂದೆ ಅವನ ಮಗಳ ಸಾಲಿಯಿಂದ ಒಂದು ಫಾರ್ಮ್ ಬಂತು, ಅವರದೂ ಒಂದು ಅಡ್ವೆಂಚರ್ ಕ್ಯಾಂಪು, ಘಟ್ಟದ ಮೇಲೆ. ಹುಡುಗಿ ಊಟದ ಟೇಬಲ್ಲಿನಲ್ಲಿ ಕೂತು ತುಂಬುತ್ತಿದ್ದಳು. ಆರೋಗ್ಯದ ಕಾಲಮ್ಮಿಗೆ ಬಂದಾಗ ತಲೆ ಎತ್ತದೆ, "ಪಪ್ಪಾ, ಎರಡನೇ ದಿನ ನಂದು ಪೀರಿಯಡ್ಸ್ ಡೇಟ್ ಅದ, ಬರೀಲೇನು?" ಎಂದಳು. ಅವನು ಪಲ್ಯ ಬಡಿಸಿಕೊಳ್ಳುತ್ತ, "ಬರಿ, ಅವರಿಗೆ ಗೊತ್ತಿರಬೇಕಲ್ಲ" ಎಂದ. ಅಷ್ಟೇ. ಅವನು ಮತ್ತೆ ಪಲ್ಯದ ಬಗ್ಗೆ ಏನೋ ಕೇಳಿದ. ಅಷ್ಟು ಸಣ್ಣ ಮಾತಾಗಿತ್ತೇ ಅದು?

ಮರುದಿನ ಮುಂಜಾನೆ ಯಾರಿಗೂ ಹೇಳದೆ ಹಾವೇರಿಗೆ, ಅಲ್ಲಿಂದ ಹಿರೇಕೆರೂರಿಗೆ ಬಸ್ಸು ಹತ್ತಿದೆ. ಅವರ ಊರು ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಪೀಟಿ ಮಾಸ್ತರರ ಮನೆ ಎಂದ ಕೂಡಲೇ ತೋರಿಸಿದರು.

ಕಟ್ಟೆಯ ಮೇಲೆ ಕೂತು ಗೋವಿನಜೋಳದ ತೆನೆ ಸುಲಿಯುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಗಡಬಡಿಸಿ ಎದ್ದರು.

"ಬಾಯಾರ! ಬರ್ರಿ, ಬರ್ರಿ. ಕುಂದರ್ರಿ. ಬಿಸಲಾಗ ಬಂದೀರಲ್ರೀ…"

ನೀರು ಕೊಟ್ಟರು. ನಾನು ಬಾಯಿ ತೆರೆಯುವ ಮುಂಚೆ ಅವರು ಕೇಳಿದ್ದು ಒಂದೇ: "ಆ ಹುಡುಗಿ ನೆಟ್ಟಗ ನಡೀತಾಳೇನ್ರಿ?" ನಡೆಯುತ್ತಾಳೆ, ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದಾಳೆ, ಎರಡು ಮಕ್ಕಳಿದ್ದಾರೆ ಎಂದೆ. "ಭೇಷ್" ಎಂದು ತೊಡೆ ತಟ್ಟಿಕೊಂಡರು.

ಆಗ ನಾನು ಹೇಳತೊಡಗಿದೆ. ಆವತ್ತು ಗುಡ್ಡದ ಮೇಲೆ ನಾನು… ಎನ್ನುವುದರೊಳಗೆ ಅವರು ಕೈ ಎತ್ತಿ ನಿಲ್ಲಿಸಿದರು. ಬೇಡ ಎನ್ನುತ್ತಾರೆ ಎಂದುಕೊಂಡೆ. ಬೇಡ ಎಂದಿದ್ದರೆ ನನಗೆ ಹಗುರವಾಗುತ್ತಿತ್ತು. ಆದರೆ ಅವರು ಒಳಗಿನ ಕಡೆ ತಿರುಗಿ, "ತಂಗೀ, ಹೊರಗ ಬಾರವಾ. ಬಾಯಾರು ಏನೋ ಹೇಳತಾರ, ನೀನೂ ಕೇಳು" ಎಂದರು.

ಮಗಳು ಬಂದಳು. ಹಾನಗಲ್ಲಿನಲ್ಲಿ ರಿಬ್ಬನ್ ಕಟ್ಟಿಕೊಂಡು ಓಡಾಡುತ್ತಿದ್ದ ಹುಡುಗಿ, ಈಗ ಕೂದಲಲ್ಲಿ ಬಿಳಿ ಎಳೆ. ಕೈಯಲ್ಲಿ ಚಹಾದ ಕಪ್ಪಿತ್ತು. ಬಾಗಿಲಿಗೆ ಆನಿಕೊಂಡು ನಿಂತಳು.

ನಾನು ಅವಳ ಮುಖ ನೋಡಿ ಹೇಳಿದೆ. ಪೂರಾ ಕನ್ನಡದಲ್ಲಿ, ಒಂದೂ ಇಂಗ್ಲಿಷ್ ಶಬ್ದವಿಲ್ಲದೆ. "ಆವತ್ತು ಆ ಹುಡುಗಿ ಮುಟ್ಟಾಗಿದ್ಲವಾ. ಗುಡಿಗೆ ಬರೋದು ಬ್ಯಾಡಂತ ನಾನ ಆಕಿನ್ನ ಒಬ್ಬಾಕಿನ್ನ ಕಲ್ಲಿನ ಮ್ಯಾಲೆ ಕೂಡಿಸಿದೆ. ನಿಮ್ಮ ಅಪ್ಪ ಕೇಳಿದಾಗ ಶಿಬಿರದಾಗ ಅದಾಳ ಅಂತ ಸುಳ್ಳು ಹೇಳಿದಾಕಿ ನಾನು. ಆ ರಕ್ತ ಮುಟ್ಟಿಂದು. ಮಂಡಳಿಯವರು ಕೇಳಿದಾಗ ಸುಮ್ಮನ ಕೂತಾಕೀನೂ ನಾನ. ನಿಮ್ಮ ಅಪ್ಪಂದು ಒಂದು ಕಾಳಿನಷ್ಟೂ ತಪ್ಪಿಲ್ಲ."

ಅವಳು ಕಪ್ಪನ್ನು ನನ್ನ ಪಕ್ಕದಲ್ಲಿಟ್ಟಳು. ಆಮೇಲೆ, "ಹೊಸಾ ಸಾಲಿಗೂ ಸುದ್ದಿ ಬಂದಿತ್ರಿ. ಹುಡುಗ್ಯಾರು ನನ್ನ ಬಾಜೂಕ ಕುಂದರತಿದ್ದಿಲ್ಲ" ಎಂದಳು. ದನಿ ಏರಿಸಲಿಲ್ಲ. "ಅವ್ವ ಅಪ್ಪನ್ನ ಏನೂ ಕೇಳಲಿಲ್ರಿ. ನಂಬಿದ್ಲೋ ಬಿಟ್ಲೋ, ಹೋಗೂತನಾ ಬಾಯಿ ಬಿಡಲಿಲ್ಲ. ಹ್ವಾದ ವರ್ಷ ಹ್ವಾದ್ಲು. ಅವ್ವ ಇದ್ದಾಗ ಬರಬೇಕಿತ್ರಿ ಮಿಸ್."

ಒಳಗೆ ಹೋದಳು. ಮಾಸ್ತರರು ತೆನೆ ಕೈಗೆತ್ತಿಕೊಂಡು ನಾಲ್ಕು ಕಾಳು ಬಿಡಿಸಿ ಮತ್ತೆ ಕೆಳಗಿಟ್ಟರು. "ಚಾ ಕುಡೀರಿ, ಆರತೈತಿ" ಎಂದರು. ಕುಡಿದೆ.

ಬಸ್ಸಿನ ತನಕ ಕಳಿಸಲು ಬಂದರು. ದಾರಿಯಲ್ಲಿ ಹೇಳಿದ್ದು ಒಂದೇ ಮಾತು: "ಊರ ಮುಂದ ಹೆಸರು ತಗದು ಹೇಳಾಕ ಹೋಗಬ್ಯಾಡ್ರಿ. ಆ ಹುಡುಗಿ ಸಂಸಾರಸ್ಥಳು. ಮನ್ಯಾಗ ಗೊತ್ತಾತಲ್ಲ." ಅದಕ್ಕೇ ಇಲ್ಲಿ ಯಾರ ಹೆಸರೂ ಇಲ್ಲ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಕೇಳುವ ಮೋರೆ ನನಗಿರಲಿಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ಅವರು ಹೋದರೆಂದು ಹಾನಗಲ್ಲಿನ ಹಳೆಯ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಹೇಳಿದರು. ನನಗೆ ತಿಳಿಯುವ ಹೊತ್ತಿಗೆ ಮಣ್ಣು ಮಾಡಿ ಮೂರು ದಿನವಾಗಿತ್ತು. "ಯಾವುದೋ ಗಲಾಟಿ ಆಗಿತ್ತಲ್ರಿ ಅವರದು, ಹುಡುಗೀದು" ಎಂದರು ಫೋನಿನಲ್ಲಿ, ಇನ್ನೂ ಅದನ್ನೇ. ಇಲ್ಲರಿ ಎಂದೆ. ನಡೆದದ್ದನ್ನು ಮೊದಲಿನಿಂದ ಹೇಳಿದೆ. ಹಾನಗಲ್ಲಿನಲ್ಲಿ ನೆನಪಿಟ್ಟುಕೊಂಡವರು ಇನ್ನೂ ಕೆಲವರಿದ್ದಾರೆ. ಒಬ್ಬೊಬ್ಬರಿಗೇ ಹೇಳುತ್ತ ಬಂದಿದ್ದೇನೆ, ಹುಡುಗಿಯ ಹೆಸರು ಬಿಟ್ಟು. ಮಾಸ್ತರರಿಗೆ ಇದರಿಂದ ಈಗ ಏನೂ ಆಗಬೇಕಿಲ್ಲ, ಗೊತ್ತು.

ಅವರನ್ನು ನಾನು ಕಡೆಯ ಸಲ ನೋಡಿದ್ದು ಆ ದಿನ, ಬಸ್ಸಿನ ಕಿಟಕಿಯಿಂದ. ನನ್ನನ್ನು ಹತ್ತಿಸಿ, ನನಗೆ ಸೀಟು ಸಿಕ್ಕಿತೋ ಇಲ್ಲವೋ ಎಂದು ಕಿಟಕಿಯೊಳಗೆ ಇಣುಕಿ ನೋಡಿದರು. ಸಿಕ್ಕಿತೆಂದು ಕೈ ಮಾಡಿದೆ. ಬಸ್ಸು ಇನ್ನೂ ಹೊರಟಿರಲಿಲ್ಲ, ಅವರು ಆಗಲೇ ತಿರುಗಿ ನಡೆದಿದ್ದರು. ಅಷ್ಟು ವಯಸ್ಸಾಗಿ, ಮೊಣಕಾಲು ಹಿಡಿದುಕೊಂಡಿದ್ದರೂ, ಓಡುವವರ ಹಾಗೆ ನಡೆಯುತ್ತಿದ್ದರು. ಮನೆಯಲ್ಲಿ ಮಗಳು ಒಬ್ಬಳೇ ಇದ್ದಳು.